ಬೇರಿನ ತುದಿ ಕೊಯ್ದು ಉಳಿಸಿದ ಹಲ್ಲು

ಮದುವೆಯಾಗಿ ಹುಬ್ಬಳ್ಳಿಯಿಂದ ಠಾಣೆಯ ಕೋಪರಿಗೆ ಬಂದಾಗ ನನ್ನ ಮುಂದಿನ ಹಲ್ಲೊಂದು ಆಗಲೇ ಸತ್ತಿತ್ತು. ಕಾಲೇಜಿನ ದಿನಗಳಲ್ಲಿ ಸೈಕಲ್ಲಿನಿಂದ ಬಿದ್ದು ಪೆಟ್ಟಾಗಿ, ಊರಿನ ಡಾಕ್ಟರು ರೂಟ್ ಕೆನಾಲ್ ಮಾಡಿದ್ದರು. ನಾನು ಕೋಪರಿಗೆ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ತುರ್ಭೆಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದ ಕೆಲವೇ ತಿಂಗಳಿಗೆ ಆ ಹಲ್ಲಿನ ಮೇಲಿನ ವಸಡಿನಲ್ಲಿ ಒಂದು ಗುಳ್ಳೆ ಎದ್ದಿತು. ಒಡೆದು ಕೀವು ಬರುವುದು, ಮಾಯುವುದು, ಮತ್ತೆ ಏಳುವುದು.

ಸ್ಟೇಶನ್ ಹತ್ತಿರದ ದಂತವೈದ್ಯರು ಇನ್ನೊಮ್ಮೆ ಕೆನಾಲ್ ತೊಳೆದು ತುಂಬಿದರು. ಗುಳ್ಳೆ ಮತ್ತೆ ಬಂತು. ಹಲ್ಲು ಕೀಳಿಸಿಬಿಡಿ ಎಂದರು ಅವರು. ನನ್ನವರೂ, "ಕಟ್ಟಿದ ಹಲ್ಲು ಹಚ್ಚಿಸಿದರಾತು" ಎಂದುಬಿಟ್ಟರು. ನಾನು ಅಡಿಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ.

ಅತ್ತೆಯವರಿಗೂ ನನಗೂ ಆಗಿನ್ನೂ ಉಪ್ಪು ಕೊಡು, ನೀರು ಕೊಡು ಎನ್ನುವಷ್ಟೇ ಮಾತು. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಳಬ್ಯಾಡ. ಕೀಳಸೂದು ಯಾವಾಗರೆ ಆಗತೈತಿ. ಮದಲ ಇನ್ನೊಬ್ಬರಿಗೆ ತೋರಸೋಣು" ಎಂದರು. ಕೆಳಗಿನ ಮನೆಯ ಉಡುಪಿಯ ಹೆಂಗಸನ್ನು ಕೇಳಿ, ಡೊಂಬಿವಲಿಯ ಒಬ್ಬ ಡಾಕ್ಟರಮ್ಮನ ವಿಳಾಸ ತಂದವರೂ ಅವರೇ.

ಡಾಕ್ಟರಮ್ಮನೂ ಉಡುಪಿ ಕಡೆಯವರು. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಅಂಟಿಕೊಂಡ ಕಪ್ಪು ಕಲೆ ತೋರಿಸಿದರು.

"ಇಲ್ಲಿ ಕೀವು ನಿಂತಿದೆ. ವಸಡು ಬಿಡಿಸಿ, ಈ ತುದಿಯನ್ನು ಕೊಯ್ದು ತೆಗೆದು, ಅಲ್ಲಿಂದಲೇ ಬೇರಿನ ತೂತು ಮುಚ್ಚುವಾ."

ಅತ್ತೆ ಗಾಬರಿಯಾದರು. "ಬೇರ ಕೊಯ್ದರ ಹಲ್ಲ ನಿಲ್ಲತೈತೇನ್ರಿ?"

"ತುದಿ ಮಾತ್ರ ಅಮ್ಮಾ. ಉಳಿದದ್ದನ್ನು ಎಲುಬು ಗಟ್ಟಿ ಹಿಡ್ಕೊಂಡಿದೆ. ಗ್ಯಾರಂಟಿ ಕೊಡ್ಲಿಕ್ಕೆ ಆಗೂದಿಲ್ಲ. ಆದ್ರೆ ಉಳಿಯುವ ಹಲ್ಲು ಇದು."

ಮುಂದಿನ ವಾರ ಕುರ್ಚಿಯ ಮೇಲೆ ಮಲಗಿದೆ. ಇಂಜೆಕ್ಷನ್ನಿಗೆ ತುಟಿ, ಮೂಗಿನ ಬುಡ ಎಲ್ಲ ಮರಗಟ್ಟಿತು. ನೋವಿರಲಿಲ್ಲ, ಎಲುಬು ಕೊರೆಯುವ ಸದ್ದು ಮಾತ್ರ ತಲೆಯೊಳಗೇ ಗಿರಣಿ ತಿರುಗಿದಂತೆ ಕೇಳುತ್ತಿತ್ತು. ಹೊರಗೆ ಕೂತಿರಬೇಕಾದ ಅತ್ತೆ ಯಾವಾಗ ಒಳಗೆ ಬಂದರೋ, ನನ್ನ ಪಾದ ಹಿಡಿದುಕೊಂಡು ನಿಂತಿದ್ದರು. ಡಾಕ್ಟರಮ್ಮ ನೋಡಿಯೂ ಅವರನ್ನು ಹೊರಗೆ ಕಳಿಸಲಿಲ್ಲ. ಕೊನೆಗೆ ಕಪ್ಪು ದಾರದ ಹೊಲಿಗೆ ಬಿತ್ತು.

ವಾಪಸ್ ಬರುವಾಗ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಂತಿದ್ದೆವು. ನನ್ನ ತುಟಿ ಊದಿ ಜೋತಿತ್ತು, ಕರ್ಚೀಫಿನಲ್ಲಿ ರಕ್ತ. ಕಿಟಕಿ ಪಕ್ಕ ಮೆಂತೆಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸು ನನ್ನನ್ನು ನೋಡಿ, ಆಮೇಲೆ ಅತ್ತೆಯನ್ನು ನೋಡಿ, "ಸೂನ ಆಹೇ ನಾ ತುಮಚೀ? ಲಾಜ ನಾಹೀ ವಾಟತ, ಮಾರಾಯಲಾ?" ಎಂದು ಗದರಿದಳು. ಸೊಸೆಗೆ ಹೊಡೆಯಲು ನಾಚಿಕೆಯಾಗುವುದಿಲ್ಲವೇ ಎಂದು! ಡಬ್ಬಿಯೆಲ್ಲ ನಮ್ಮತ್ತ ತಿರುಗಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ನನಗೆ ಮಾತಾಡಲಾಗದು, ಜೋರಾಗಿ ಕೈ ಆಡಿಸಿದೆ.

ಮರಾಠಿ ಸರಿಯಾಗಿ ಬಾರದ ಅತ್ತೆ, "ನಾಹೀ, ನಾಹೀ! ಮೀ ನಾಹೀ! ದಾತ... ಆಪರೇಶನ್ ಐತಿ!" ಎನ್ನುತ್ತ ತಮ್ಮ ಹಲ್ಲು ಮುಟ್ಟಿ ತೋರಿಸಿ, ಚೀಲದಿಂದ ಎಕ್ಸ್‌ರೇ ತೆಗೆದು ಎತ್ತಿ ಹಿಡಿದರು. ಅಷ್ಟೂ ಜನ ಹೋ ಎಂದು ನಕ್ಕರು. ಗದರಿದವಳೇ ಎದ್ದು ನನಗೆ ಜಾಗ ಕೊಟ್ಟಳು. ಇನ್ನೊಬ್ಬಳು ಸರಿದು ಅತ್ತೆಯನ್ನು ಕೂರಿಸಿಕೊಂಡಳು. ನಗು ತಡೆಯಲಾರದೆ ನಾನು ಅತ್ತೆಯ ಹೆಗಲಿಗೆ ಮುಖ ಒತ್ತಿದೆ. "ನಗಬ್ಯಾಡ, ಹೊಲಿಗಿ ಬಿಚ್ಚೀತು" ಎನ್ನುತ್ತ ಅವರೂ ನಗುತ್ತಿದ್ದರು. ಆವತ್ತಿನಿಂದ ನಮ್ಮ ನಡುವೆ ಮಾತಿಗೆ ಬರವಿರಲಿಲ್ಲ.

ಮರುದಿನ ಮುಖ ಇನ್ನಷ್ಟು ಊದಿತು. ಅತ್ತೆ ಗಂಜಿ ಆರಿಸಿ ಕೊಟ್ಟರು. ವಾರದ ಮೇಲೆ ಹೊಲಿಗೆ ಬಿಚ್ಚಿದರು, ನಾನು ಕೆಲಸಕ್ಕೆ ಹೋದೆ. ದಿನಾ ಬೆಳಿಗ್ಗೆ ಕನ್ನಡಿಯೆದುರು ತುಟಿ ಎತ್ತಿ ನೋಡುತ್ತಿದ್ದೆ. ಗುಳ್ಳೆ ಬರಲಿಲ್ಲ.

ಮಳೆಗಾಲ ಕಳೆದು ಮತ್ತೆ ಡೊಂಬಿವಲಿಗೆ ಹೋದೆವು. ಹೊಸ ಎಕ್ಸ್‌ರೇಯಲ್ಲಿ ಆ ಕಪ್ಪು ಕಲೆ ಬಹುಮಟ್ಟಿಗೆ ಮಾಯವಾಗಿತ್ತು. "ಎಲುಬು ತುಂಬ್ತಾ ಉಂಟು. ಇನ್ನು ಧೈರ್ಯವಾಗಿ ತಿನ್ನಿ" ಎಂದರು ಡಾಕ್ಟರಮ್ಮ.

ದವಾಖಾನೆಯ ಮೆಟ್ಟಿಲಿಳಿದ ಕೂಡಲೇ ಅತ್ತೆ ಹಣ್ಣಿನ ಗಾಡಿಯವನ ಬಳಿ ಎರಡು ಪೇರಲಹಣ್ಣು ಆರಿಸಿದರು. ಅವನು ಹೋಳು ಮಾಡಲು ಚಾಕು ಎತ್ತಿದಾಗ ಬೇಡವೆಂದು ತಡೆದು, ಇಡೀ ಹಣ್ಣನ್ನೇ ನನ್ನ ಕೈಗಿಟ್ಟರು.

"ಕಡಿ" ಎಂದರು.

ಹೆದರುತ್ತಲೇ ಮುಂದಿನ ಹಲ್ಲು ಊರಿ ಕಚ್ಚಿದೆ. ಹಲ್ಲು ಅಲುಗಲಿಲ್ಲ.