ಮಿಸ್ತ್ರಿ ಆರಿಸಿದ ಹಳದಿ ದೀಪ

ಬೆಟಗೇರಿಯ ನಮ್ಮ ಓಣಿಯಲ್ಲಿ ಹೊಗೆ ಕುಡಿದವರು ಕಾರಿನ ಮಾಲೀಕರಲ್ಲ, ಮಗ್ಗದ ಮುಂದೆ ಕುಳಿತ ನೇಕಾರರು. ಓಣಿಯ ಕಾರು ಗ್ಯಾರೇಜಿನ ಮಿಸ್ತ್ರಿ ಮೃದು ಮನುಷ್ಯ. ಹೊಗೆಯನ್ನು ಶುದ್ಧಗೊಳಿಸುವ ಕನ್ವರ್ಟರ್ ಕೆಟ್ಟರೆ, ಹೊಸದನ್ನು ಹಾಕದೆ ಕಿತ್ತೆಸೆಯುತ್ತಿದ್ದ. ಆ ಕೊರತೆಯನ್ನು ಪತ್ತೆಮಾಡಿ ಎಂಜಿನ್ನಿನ ಹಳದಿ ಎಚ್ಚರಿಕೆ ದೀಪ ಹೊತ್ತಿಸುವ ಆಕ್ಸಿಜನ್ ಸೆನ್ಸರನ್ನು, ಟೊಳ್ಳು ಬೋಲ್ಟ್ ಕೂರಿಸಿ ಹೊಗೆಯಿಂದ ದೂರ ಸರಿಸಿ, ವಂಚಿಸುತ್ತಿದ್ದ. ಬಳಿಕ ಹೆಗಲ ಟವೆಲಿನಿಂದ ಸ್ಟೀರಿಂಗ್ ಒರೆಸಿ, "ದೀಪ ಆರಿತಲ್ರಿ, ಆತು!" ಎನ್ನುತ್ತಿದ್ದ.

ಒಮ್ಮೆ ಎದುರುಮನೆಯ ನೇಕಾರ ಅಜ್ಜಿ ಕೆಮ್ಮುತ್ತ ಬಂದಳು. "ಗಾಡಿ ಬಾಯಿ ಮುಚ್ಚಿಸಿದಿ, ನನ್ನ ಕೆಮ್ಮು ಯಾರು ನಿಲ್ಲಸ್ತಾರಲೇ?"

"ತಪ್ಪಾತು ಬೇ ಯವ್ವಾ" ಎಂದು ಮಿಸ್ತ್ರಿ, ಅವಳ ಮನೆಯತ್ತ ಹೊಗೆ ಉಗುಳುತ್ತಿದ್ದ ಕಾರನ್ನು ತಿರುಗಿಸಿ ನಿಲ್ಲಿಸಿದ. ಹೊಗೆ ಪಕ್ಕದ ಮನೆಗೆ ನುಗ್ಗಿತು.

ಹೊಗೆ ತಪಾಸಣೆಯ ಅಧಿಕಾರಿಗಳೇ, ಪ್ರತಿ ಕಾರಿನಡಿ ಬಗ್ಗಿ ನೋಡಿ. ಕನ್ವರ್ಟರ್ ಇಲ್ಲದ ಒಂದಕ್ಕೂ ಪ್ರಮಾಣಪತ್ರ ಕೊಡಬೇಡಿ.