ಕೆಸರಿನ ಪೆಟ್ಟಿಗೆಗಳು

ಕನ್ನಡಕ ತೆಗೆದರೆ ನಮ್ಮ ವಿಜ್ಞಾನದ ಮಾಷ್ಟ್ರ ಮೂಗಿನ ಎರಡೂ ಬದಿಗೆ ಹುಣಸೆಬೀಜದಷ್ಟು ಕೆಂಪು ಗುಳಿಗಳು ಕಾಣುತ್ತಿದ್ದವು. ಅವರು ಅದನ್ನು ತೆಗೆಯುತ್ತಿದ್ದುದು ಮಲಗುವಾಗ ಮತ್ತು ಕೆರೆಗೆ ಇಳಿಯುವಾಗ ಮಾತ್ರ. ಅದರ ಚೌಕಟ್ಟಿನಲ್ಲಿ ಕಬ್ಬಿಣವಿತ್ತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದೆ. ಅರುವತ್ತರ ದಶಕದ ಒಂದು ಬೇಸಗೆ ಕಬಕದ ಆಚೆಯ ಹಳೆಯ ಕೆರೆಯ ತಳ ಕಂಡಿತು. ದೂರದ ಪ್ರಯೋಗಾಲಯವೊಂದು ಅದರ ಕೆಸರನ್ನು ಪರೀಕ್ಷಿಸಲು ಒಪ್ಪಿತ್ತು. ಅಷ್ಟಕ್ಕಾಗಿ ಮಾಷ್ಟ್ರು ಎರಡು ವರ್ಷ ಪತ್ರ ಬರೆದಿದ್ದರು.

"ನೀರಿನಲ್ಲಿ ಕಣ್ಣಿಗೆ ಕಾಣದ ಕಬ್ಬಿಣದ ಹುಡಿ ಉಂಟು. ಇಳಿಯುವಾಗ ಆ ಕಾಲದ ಉತ್ತರಕ್ಕೆ ಮುಖ ಮಾಡಿ ಕೂತುಕೊಳ್ತದೆ. ಮೇಲೆ ಕೆಸರು ಬಿದ್ರೆ ಮತ್ತೆ ಅಲ್ಲಾಡ್ಲಿಕ್ಕಿಲ್ಲ," ಎಂದಿದ್ದರು. ಸೂಜಿ ತೋರಿಸುವ ಉತ್ತರ ನೂರಾರು ವರ್ಷಗಳಲ್ಲಿ ಅತ್ತಿತ್ತ ಸರಿಯುತ್ತದಂತೆ. ಪದರ ಪದರವಾಗಿ ಕೆಸರು ತೆಗೆದರೆ ಆ ಸರಿದಾಟ ತಿಳಿಯುತ್ತದಂತೆ.

"ಕೆಸರಿಗೆ ಇಷ್ಟು ನೆನಪುಂಟಾ ಮಾಷ್ಟ್ರೆ?"

"ನಿನಗಿಂತ ಹೆಚ್ಚುಂಟು ಮಾರಾಯ. ನಿನ್ನೆ ತೊಳೀಲಿಕ್ಕೆ ಹೇಳಿದ ಗಾಜಿನ ಕೊಳವೆ ಇನ್ನೂ ಹಾಗೆಯೇ ಉಂಟು."

ಕೆರೆಯ ತಳದಲ್ಲಿ ಹೊಂಡ ತೋಡಿ, ಅದರ ಗೋಡೆಗೆ ಮಾಷ್ಟ್ರು ಮೊಳೆಯಿಲ್ಲದ ಸಣ್ಣ ಮರದ ಪೆಟ್ಟಿಗೆಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಕನ್ನಡಕವಿಲ್ಲದೆ ಅವರಿಗೆ ದಿಕ್ಸೂಚಿ ಕಾಣದು. ಸೂಜಿ ನೋಡಿ ಪೆಟ್ಟಿಗೆಯ ಮೇಲೆ ಉತ್ತರದ ಗೆರೆ ಎಳೆಯುವ ಕೆಲಸ ನನ್ನದು. ಹತ್ತಿರ ಕಬ್ಬಿಣವಿದ್ದರೆ ಸೂಜಿ ತಪ್ಪು ತೋರಿಸುತ್ತದೆಂದು ಬೀಗದ ಕೈ, ಗಡಿಯಾರ, ನನ್ನ ಸೊಂಟದ ಕತ್ತಿ ಎಲ್ಲವನ್ನೂ ದಡದಲ್ಲಿಡಬೇಕಿತ್ತು.

ಮೊದಲ ದಿನ ಇಟ್ಟೆ. ಮರುದಿನ ಇಡಲಿಲ್ಲ. ಕತ್ತಿ ಹೊಸದು, ದಡದಲ್ಲಿ ಎಮ್ಮೆ ಮೇಯಿಸುವವರಿದ್ದರು. ಬೆನ್ನ ಹಿಂದೆ ಅಂಗಿಯೊಳಗೆ ಸಿಕ್ಕಿಸಿಕೊಂಡೆ.

"ಕತ್ತಿ ಇಟ್ಟಿಯಾ?"

"ಇಟ್ಟೆ ಮಾಷ್ಟ್ರೆ."

ಅವರು ಎರಡನೆಯ ಸಲ ಕೇಳಲಿಲ್ಲ.

ಮಳೆಗಾಲದಲ್ಲಿ ಪ್ರಯೋಗಾಲಯದ ಪತ್ರ ಬಂತು. ಮೊದಲ ದಿನದ ಪೆಟ್ಟಿಗೆಗಳು ಸರಿ ಇವೆ. ಎರಡನೆಯ ದಿನದವು ಒಂದೇ ಪದರದವಾದರೂ ಒಂದೊಂದು ಒಂದೊಂದು ಕಡೆ ತಿರುಗಿವೆ, ಗೆರೆಗಳನ್ನು ನಂಬುವಂತಿಲ್ಲ, ಇನ್ನು ಕಳಿಸುವುದು ಬೇಡ.

"ಎಂತ ಮಾರಾಯ್ರೆ, ಕನ್ನಡಕ ಬಿಚ್ಚಿ ಭೂಮಿಯನ್ನೇ ತಿರುಗಿಸಿದಿರಂತೆ?" ಎಂದರು ಹೆಡ್‌ಮಾಷ್ಟ್ರು. ಸ್ಟಾಫ್ ರೂಮು ನಕ್ಕಿತು. ಅಟೆಂಡರ್ ತಪ್ಪು ನೋಡಿರಬೇಕು ಎಂದರು ಯಾರೋ.

"ಅವ ಸರಿಯಾಗಿಯೇ ನೋಡಿದ್ದಾನೆ. ಒತ್ತುವಾಗ ಪೆಟ್ಟಿಗೆ ತಿರುಗಿದ್ದು ನನ್ನ ಕೈಯಿಂದ," ಎಂದರು ಮಾಷ್ಟ್ರು. ಪ್ರಯೋಗಾಲಯಕ್ಕೂ ಹಾಗೆಯೇ ಬರೆದರು. ಚಹಾದ ಲೋಟ ಹಿಡಿದು ನಾನು ಬಾಗಿಲಲ್ಲೇ ನಿಂತಿದ್ದೆ. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ. ಮುಂದಿನ ಬೇಸಗೆ ಆ ಕೆಸರನ್ನೆಲ್ಲ ಅಗೆದು ತೆಂಗಿನ ಬುಡಕ್ಕೆ ಸಾಗಿಸಿದರು. ಕಲಕಿದ ಕೆಸರಿನಿಂದ ಏನೂ ತಿಳಿಯುವುದಿಲ್ಲ.

ನಿವೃತ್ತರಾಗಿ ಅವರು ಅರಂತೋಡಿಗೆ ಹೋದ ಮೇಲೆ, ಎಲ್ಲ ಹೇಳಿಬಿಡಬೇಕೆಂದು ಒಮ್ಮೆ ಬಸ್ಸು ಹತ್ತಿದೆ. ಜಗಲಿಯಲ್ಲಿ ನೆಂಟರಿದ್ದರು. ಅವರಿಗೆ ನನ್ನನ್ನು ತೋರಿಸಿ, "ಇವನ ಕಣ್ಣು ಇದ್ದ ಕಾರಣ ಅರ್ಧವಾದರೂ ಸರಿಯಾಯ್ತು," ಎಂದರು. ನಾನು ಕಾಫಿ ಕುಡಿದು ಬಂದೆ. ಮತ್ತೊಮ್ಮೆ ಹೋಗುವ ಮೊದಲೇ ಅವರು ತೀರಿಕೊಂಡರು.

ಅವರ ಕೈ ಯಾವ ಪೆಟ್ಟಿಗೆಯನ್ನೂ ತಿರುಗಿಸಿರಲಿಲ್ಲ. ಅಂದು ನಕ್ಕವರಲ್ಲಿ ಯಾರಾದರೂ ಬದುಕಿದ್ದರೆ ಇದನ್ನು ಓದಲಿ.