ರಬ್ಬರ್ ಬ್ಯಾಂಡಿನ ಕಟ್ಟಿನಲ್ಲಿದ್ದ ನನ್ನ ಓಟು

ಜೀವನದಲ್ಲಿ ಮೊದಲ ಸಲ ನಾನು ಓಟು ಹಾಕಿದ್ದು ಕುವೈತಿನ ಖೈತಾನ್ ಬಡಾವಣೆಯ ಒಂದು ಶಾಲೆಯ ಸಭಾಂಗಣದಲ್ಲಿ, ಮುಚ್ಚಳಕ್ಕೆ ಸೀಳು ಕೊರೆದ ಹಾಲುಪುಡಿಯ ಡಬ್ಬಿಗೆ. ಆಗ ನನಗೆ ಮೂವತ್ತೆಂಟು ವರ್ಷ. ಊರಿನ ಮತದಾರರ ಪಟ್ಟಿಗೆ ಹೆಸರು ಸೇರುವ ಮೊದಲೇ ಮದುವೆಯಾಗಿ ಕುವೈತಿಗೆ ಬಂದವಳು ನಾನು. ಇಲ್ಲಿ ನಮಗಿದ್ದ ಚುನಾವಣೆ ಒಂದೇ, ನಮ್ಮ ಸಂಘದ್ದು.

ಕರಾವಳಿಯ ನಮ್ಮ ಕಡೆಯ ಕ್ರೈಸ್ತ ಕುಟುಂಬಗಳ ಸಂಘ ಅದು. ಅಂಥ ದೊಡ್ಡದೇನಲ್ಲ. ಆದರೂ ಎರಡು ಪ್ಯಾನಲ್‌ಗಳಿದ್ದವು: ಊರಿನ ಹೊಳೆಯ ತೆಂಕಿನವರದು ಒಂದು, ಬಡಗಿನವರದು ಇನ್ನೊಂದು. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ, ಕ್ರಿಸ್‌ಮಸ್ ಕೂಟಕ್ಕೆ ಬಿರಿಯಾನಿಯೋ ತುಪ್ಪದನ್ನವೋ ಎನ್ನುವುದರಾಚೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ನನ್ನ ಗಂಡ ಬಡಗಿನವರು. ಕೊಲ್ಲಿ ಯುದ್ಧ ಮುಗಿದ ಮರುವರ್ಷ ಅವರ ವೀಸಾಕ್ಕೆ ಹೊಣೆ ನಿಂತಿದ್ದ ಕಫೀಲ್ ಕೈಕೊಟ್ಟಾಗ, ಬಡಗು ಪ್ಯಾನಲ್‌ನ ಹಿರಿಯರೊಬ್ಬರು ಕಚೇರಿಯಿಂದ ಕಚೇರಿಗೆ ಅಲೆದು ವಾಸದ ಪರವಾನಗಿ ಇಕಾಮಾ ಬದಲಿಸಿ ಕೊಟ್ಟಿದ್ದರು. ಮುಂದೆ ಅವರೇ ಸಂಘದ ಅಧ್ಯಕ್ಷರಾದರು. ಅಧ್ಯಕ್ಷರು ನಿಲ್ಲೆಂದರೆ ನಿಲ್ಲುವವರು, ಕೂರೆಂದರೆ ಕೂರುವವರು ನಮ್ಮವರು. ಮನೆಯಲ್ಲಿ ನಾನು ಹೇಳಿದ್ದು ಹೀಗೆ ನಡೆದಿದ್ದರೆ ನಮ್ಮ ಅಡುಗೆಮನೆಯ ನಲ್ಲಿ ಹತ್ತು ವರ್ಷ ಸೋರುತ್ತಿರಲಿಲ್ಲ.

ಸಂಘದಲ್ಲಿ ಗಂಡಸಿಗೂ ಹೆಂಗಸಿಗೂ ಬೇರೆ ಬೇರೆ ಸದಸ್ಯತ್ವದ ಕಾರ್ಡು. ಆದರೆ ಹೆಂಗಸರ ಕಾರ್ಡು ಇರುತ್ತಿದ್ದುದು ಗಂಡಂದಿರ ಕಿಸೆಯಲ್ಲಿ. ಮಹಾಸಭೆ ಶುಕ್ರವಾರ, ಪೂಜೆ ಮುಗಿದ ಮೇಲೆ. ನಾವು ಮನೆಗೆ ಹೋಗಿ ಒಲೆ ಹಚ್ಚುತ್ತಿದ್ದೆವು, ಅವರು ಸಭೆಗೆ ಹೋಗಿ ಎರಡೆರಡು ಚೀಟಿ ಹಾಕಿ ಊಟಕ್ಕೆ ಬರುತ್ತಿದ್ದರು. ಅದರಲ್ಲಿ ತಪ್ಪಿದೆ ಎಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ.

ಅನಿಸಿದ್ದು ಕುವೈತಿನ ಹೆಂಗಸರು ಮೊದಲ ಸಲ ಓಟು ಹಾಕಿದ ವರ್ಷ. ನಗರದ ಶರ್ಕ್ ಬಡಾವಣೆಯ ಒಂದು ಕಚೇರಿಯಲ್ಲಿ ನಾನು ಕಾರ್ಯದರ್ಶಿಯಾಗಿದ್ದೆ. ನಮ್ಮ ಮ್ಯಾನೇಜರ್ ಒಬ್ಬ ಕುವೈತಿ ಮಹಿಳೆ. ಆ ಉರಿಬಿಸಿಲಿನಲ್ಲಿ ಸಾಲು ನಿಂತು ಓಟು ಹಾಕಿ, ಮರುದಿನ ಎಲ್ಲರಿಗೂ ಖರ್ಜೂರದ ಸಿಹಿ ತಂದರು. ನನ್ನ ಮುಂದೆ ಡಬ್ಬಿ ಹಿಡಿದು, "ನೀನು ಯಾವತ್ತಾದರೂ ಓಟು ಹಾಕಿದ್ದೀಯಾ?" ಎಂದು ಕೇಳಿದರು. ಸಂಘದ ಸಂಗತಿ ಹೇಳಿ, ನನ್ನದನ್ನೂ ಗಂಡನೇ ಹಾಕುತ್ತಾರೆ ಎಂದೆ. "ನಿನ್ನ ಊಟವನ್ನೂ ಅವನೇ ಮಾಡುತ್ತಾನಾ?" ಎಂದು ನಕ್ಕುಬಿಟ್ಟರು. ನಾನೂ ನಕ್ಕೆ, ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಉಳಿಯಿತು.

ಆ ವರ್ಷದ ಕೊನೆಗೇ ನಮ್ಮ ಮಹಾಸಭೆ ಬಂತು. ಆದರೆ ಅದಕ್ಕೂ ಹಿಂದಿನ ಒಂದು ಸಂಗತಿ ಹೇಳಬೇಕು. ಬಹುಕಾಲ ನಾನದನ್ನು ಯಾರಿಗೂ ಹೇಳಿರಲಿಲ್ಲ.

ಮಗಳಿಗೆ ಮೂರು ವರ್ಷವಾದಾಗ ನಾನು ಮತ್ತೆ ಬಸುರಿಯಾದೆ. ಮೂರನೇ ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕದಂತಾಯಿತು. ಚಿಕ್ಕಂದಿನಲ್ಲಿ ಬಂದ ಒಂದು ಜ್ವರ ನನ್ನ ಹೃದಯದ ಕವಾಟವನ್ನು ಕೆಡಿಸಿಟ್ಟಿತ್ತಂತೆ. ಅದು ಗೊತ್ತಾದದ್ದೇ ಆಗ. ಬಸಿರು ಮುಂದುವರಿದರೆ ತಾಯಿ ಉಳಿಯುವುದು ಕಷ್ಟ ಎಂದರು. ಮೂವರು ಡಾಕ್ಟರರು ಒಪ್ಪಬೇಕು, ಗಂಡ ಸಹಿ ಹಾಕಬೇಕು, ಆಮೇಲೆ ತೆಗೆಯುತ್ತಾರೆ. ಕಾಗದವೆಲ್ಲ ಅರಬಿಯಲ್ಲಿ. ನಮ್ಮಿಬ್ಬರಿಗೂ ಓದಲು ಬಾರದು. ಆಗ ಜೊತೆಗೆ ಬಂದವರು ಮೈದಾನ್ ಹವಲ್ಲಿಯ ನಮ್ಮದೇ ಕಟ್ಟಡದ ಕೆಳಗಿನ ಮಹಡಿಯಲ್ಲಿದ್ದ ನರ್ಸ್ ಅಕ್ಕ. ಸಂಘದ ಆಸ್ಪತ್ರೆ ಬಳಗವನ್ನು ಕಟ್ಟಿದವರೇ ಅವರು. ಭಾಷೆ ಬಾರದ ನಮ್ಮ ಹೆಂಗಸರ ಜೊತೆ ಹೋಗುವುದು, ಮಕ್ಕಳನ್ನು ನೋಡಿಕೊಳ್ಳುವುದು, ಗಂಜಿ ಕಳಿಸುವುದು ಬಳಗದ ಕೆಲಸ. ಅಕ್ಕ ಸಾಲುಸಾಲಾಗಿ ಓದಿ ಹೇಳಿದರು, ನಮ್ಮವರು ಸಹಿ ಹಾಕಿದರು. ಒಳಗೆ ನನ್ನ ಕೈ ಹಿಡಿದು ನಿಂತವರು ಅಕ್ಕ.

ಊರಿಗೂ ಸಂಘಕ್ಕೂ "ಮಗು ನಿಲ್ಲಲಿಲ್ಲ" ಎಂದಷ್ಟೇ ಹೇಳಿದೆವು. ನಾನು ಅತ್ತೆ, ಚೇತರಿಸಿಕೊಂಡೆ, ಕವಾಟದ ಚಿಕಿತ್ಸೆಯೂ ಆಯಿತು. ನಮ್ಮವರು ಮಾತ್ರ ಆ ದಿನದಿಂದ ಅಕ್ಕನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಸಿಟ್ಟಿನಿಂದಲ್ಲ. ಅವರನ್ನು ಕಂಡರೆ ಆ ಕಾಗದ ನೆನಪಾಗುತ್ತಿತ್ತು. ಲಿಫ್ಟಿನಲ್ಲಿ ಅಕ್ಕ ಇದ್ದರೆ ಇವರು ಮೆಟ್ಟಿಲು ಹತ್ತಿ ಬರುತ್ತಿದ್ದರು.

ಎಂಟು ವರ್ಷವಾದ ಮೇಲೆ, ಆ ಚುನಾವಣೆಯ ಹೊತ್ತಿಗೆ, ಅಕ್ಕ ಇನ್ನೊಬ್ಬ ಹೆಂಗಸಿನ ಜೊತೆ ಅಂಥದೇ ಕೆಲಸಕ್ಕೆ ಆಸ್ಪತ್ರೆಗೆ ಹೋದದ್ದು ಸಂಘದಲ್ಲಿ ಬಾಯಿಂದ ಬಾಯಿಗೆ ಹರಡಿತು. ಬಡಗು ಪ್ಯಾನಲ್ ಒಂದು ಠರಾವು ತಂದಿತು. ಗರ್ಭ ತೆಗೆಸುವ ಯಾವ ಸಂದರ್ಭದಲ್ಲೂ, ಕಾರಣ ಏನೇ ಇರಲಿ, ಬಳಗದವರು ಜೊತೆಗೆ ಹೋಗಕೂಡದು. ಹೋದವರ ಸದಸ್ಯತ್ವ ರದ್ದು. ಹಿಂದೆ ಹಾಗೆ ಹೋದದ್ದಿದ್ದರೆ ಯಾರ ಜೊತೆ ಎಂದು ಸಮಿತಿಯ ಮುಂದೆ ಹೇಳಬೇಕು.

ಅದನ್ನು ಓದಿದಾಗ, ನನ್ನ ಹೆಸರೂ ಹೊರಗೆ ಬರುತ್ತದೆ ಎಂದು ಹೊಳೆಯಿತು. ಕೆಳಗಿಳಿದು ಅಕ್ಕನ ಬಾಗಿಲು ಬಡಿದೆ.

"ನೀನೆಂತಕ್ಕೆ ಹೆದರುದು? ನಾನು ಯಾರ ಹೆಸರೂ ಹೇಳುವವಳಲ್ಲ" ಎಂದರು. "ತೆಗೆದು ಹಾಕ್ತಾರಾ, ಹಾಕ್ಲಿ. ಆದ್ರೆ ನಾಳೆ ಭಾಷೆ ಬಾರದ ಹುಡುಗಿ ಒಬ್ಳೇ ಹೋಗಿ ಆ ಕಾಗದದ ಎದುರು ಕೂತ್ಕೊಳ್ಬೇಕಲ್ಲ, ನನಗೆ ಅದೇ ಬೇಜಾರು."

ಮೇಲೆ ಬಂದವಳೇ ಗಂಡನ ಮುಂದೆ ಕೈ ಚಾಚಿ ನನ್ನ ಕಾರ್ಡು ಕೇಳಿದೆ. ಪತ್ರಿಕೆಯಿಂದ ಮುಖ ಎತ್ತದೆ, "ಅದು ಅಧ್ಯಕ್ಷರ ಹತ್ರ ಉಂಟು. ಬಡಗಿನ ಹೆಂಗಸರದ್ದೆಲ್ಲ ಒಟ್ಟು ಮಾಡಿ ಕಟ್ಟಿಟ್ಟಿದ್ದಾರೆ" ಎಂದರು.

"ಹಾಗಾದ್ರೆ ನನ್ನ ಓಟು ನನ್ನ ಅಕ್ಕನಿಗೇ ಕಲ್ಲು ಹೊಡೀತದೆ. ಅಲ್ವಾ?"

"ಪ್ಯಾನಲ್ ಅಂದ್ರೆ ಪ್ಯಾನಲ್, ಮಾರಾಯ್ತಿ. ಅವರ ಎದುರು ನಾನು ಎಂತ ಹೇಳುದು?"

"ನೀವು ಸಹಿ ಹಾಕಿದ್ದು ಎಂತಕ್ಕೆ ಅಂತ ಹೇಳಿ."

ಅವರು ಪತ್ರಿಕೆ ಮಡಚಿಟ್ಟು ಹೊರಗೆ ಹೋದರು. ಆ ವಾರವಿಡೀ ನಾನು ಅವರಿಗೆ ಅನ್ನ ಬಡಿಸಿದೆ, ಮಾತು ಬಡಿಸಲಿಲ್ಲ. ನಡುವೆ ಸಿಕ್ಕಿಬಿದ್ದ ಮಗಳು, ನಾವು ಏನು ಕೇಳಿದರೂ ಇಂಗ್ಲಿಷಿನಲ್ಲಿ ಒಂದೇ ಪದದ ಉತ್ತರ ಕೊಟ್ಟು ಕೋಣೆ ಸೇರುತ್ತಿದ್ದಳು.

ಶುಕ್ರವಾರ ಬಂತು. ಪೂಜೆ ಮುಗಿಸಿ ಮನೆಗೆ ಬಂದು, ಯಾರ ಮೇಲಿನ ಸಿಟ್ಟನ್ನೋ ಈರುಳ್ಳಿಯ ಮೇಲೆ ತೀರಿಸುತ್ತಿದ್ದೆ. ಕೋಳಿ ಸುಕ್ಕಕ್ಕೆ ತೆಂಗಿನಕಾಯಿ ಹುರಿದಿಟ್ಟಿದ್ದೆ. ಹನ್ನೊಂದೂವರೆಗೆ ಕೆಳಗೆ ಹಾರ್ನ್ ಕೇಳಿಸಿತು. ಬಗ್ಗಿ ನೋಡಿದರೆ ನಮ್ಮವರ ಕಂಪನಿಯ ವ್ಯಾನು. ಗಾಡಿಗಳ ಉಸ್ತುವಾರಿ ಅವರದೇ ಆದ್ದರಿಂದ ರಜಾದಿನ ಅದನ್ನು ತರುತ್ತಿದ್ದರು. ಒಳಗೆ ಆಗಲೇ ಐದಾರು ಹೆಂಗಸರು ತುಂಬಿದ್ದರು.

"ಹತ್ತು, ಬೇಗ ಹತ್ತು" ಎಂದರು ನಮ್ಮವರು. "ಓಟು ಹಾಕ್ಲಿಕ್ಕೆ ನೀವೇ ಬರ್ಬೇಕಂತೆ."

ನಡೆದದ್ದು ಇಷ್ಟು. ಹಿಂದಿನ ವರ್ಷ ತೆಂಕಿನವರು, ರಜೆಯಲ್ಲಿ ಊರಿಗೆ ಹೋದವರ ಕಾರ್ಡು ಹಿಡಿದು ಓಟು ಹಾಕಿದರೆಂದು ರಂಪವಾಗಿತ್ತು. ಅದನ್ನು ತಡೆಯಲು ಬಡಗಿನವರೇ ನಿಯಮ ತಂದಿದ್ದರು: ಕಾರ್ಡಿಗೆ ಫೋಟೊ ಅಂಟಿಸಬೇಕು, ಸದಸ್ಯರೇ ಖುದ್ದು ಬರಬೇಕು. ಎದುರಾಳಿಗೆಂದು ತೋಡಿದ ಹಳ್ಳದಲ್ಲಿ ತಮ್ಮ ಕಾಲೂ ಬೀಳುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಅಭ್ಯಾಸಬಲದಿಂದ ಅಧ್ಯಕ್ಷರು ಹೆಂಡಂದಿರ ಕಾರ್ಡುಗಳನ್ನೆಲ್ಲ ಒಂದು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ತಂದು ಮೇಜಿನ ಮೇಲಿಟ್ಟರಂತೆ. ಚುನಾವಣಾಧಿಕಾರಿ ಸಂಘದವರಲ್ಲ, ಎರಡೂ ಕಡೆಗೆ ಸೇರದವರು ಬೇಕೆಂದು ಕರೆಸಿದ್ದ ತುಳುವ ಹೋಟೆಲ್ ಮ್ಯಾನೇಜರ್, ವಯಸ್ಸಾದವರು. ಅವರು ಕಟ್ಟನ್ನು ಮುಟ್ಟಿಯೂ ನೋಡದೆ, "ಕಾರ್ಡಲ್ಲಿ ಮುಖ ಉಂಟಲ್ಲ, ಆ ಮುಖ ಬರ್ಲಿ. ಒಂದು ಗಂಟೆ ತನಕ ಕೂತಿರ್ತೇನೆ" ಎಂದರಂತೆ. ಅಧ್ಯಕ್ಷರು ತಲೆ ಕೆಡಿಸಿಕೊಳ್ಳಲಿಲ್ಲ. "ಯಲ್ಲಾ, ಗಾಡಿ ಬಿಡಿ. ನಮ್ಮ ಹೆಂಗಸರನ್ನೆಲ್ಲ ಕರ್ಕೊಂಡು ಬನ್ನಿ" ಎಂದು ಪಟ್ಟಿ ಕೊಟ್ಟು ಕಳಿಸಿದ್ದರು.

ಒಲೆ ಆರಿಸಿ, ಮಗಳನ್ನು ಹೊರಡಿಸಿ, ಕೈಯಲ್ಲಿ ಈರುಳ್ಳಿಯ ವಾಸನೆ ಹೊತ್ತು ವ್ಯಾನು ಹತ್ತಿದೆ. ಒಬ್ಬಳ ಕೂದಲಿನಿಂದ ಎಣ್ಣೆ ಇಳಿಯುತ್ತಿತ್ತು. ಇನ್ನೊಬ್ಬಳು ಕುಕ್ಕರಿನ ಸೀಟಿ ಎಣಿಸುವುದನ್ನು ನಡುವೆ ಬಿಟ್ಟು ಬಂದದ್ದಕ್ಕೆ ದಾರಿಯುದ್ದಕ್ಕೂ ಪೇಚಾಡಿದಳು. ಠರಾವಿನ ಮಾತನ್ನು ಯಾರೂ ಎತ್ತಲಿಲ್ಲ.

ಸಭಾಂಗಣದಲ್ಲಿ ಎರಡು ಡಬ್ಬಿ, ಎರಡು ಚೀಟಿ. ಬಿಳಿಯದು ಸಮಿತಿಗೆ, ಹಳದಿಯದು ಠರಾವಿಗೆ. ಮೂಲೆಯಲ್ಲಿ ಬೆಡ್‌ಶೀಟ್ ಕಟ್ಟಿದ ಮರೆ. ಹಿಂದಿನ ಸಾಲಿನಲ್ಲಿ ಅಕ್ಕ ಒಬ್ಬರೇ ಕುಳಿತಿದ್ದರು, ಪಕ್ಕದ ಎರಡೂ ಕುರ್ಚಿ ಖಾಲಿ. ಅಧಿಕಾರಿ ಆ ಕಟ್ಟಿನ ರಬ್ಬರ್ ಬ್ಯಾಂಡು ಬಿಚ್ಚಿ, ಫೋಟೊ ನೋಡಿ, ನನ್ನ ಮುಖ ನೋಡಿ, ಕಾರ್ಡು ಕೈಗಿತ್ತರು. ಮರೆಯ ಹಿಂದೆ ಬಿಳಿ ಚೀಟಿಯಲ್ಲಿ ನಾನು ಬಡಗಿಗೇ ಗುರುತು ಹಾಕಿದೆ. ಆ ಇಕಾಮಾ ಇಲ್ಲದಿದ್ದರೆ ನಾವು ಗಂಟುಮೂಟೆ ಕಟ್ಟಬೇಕಿತ್ತು, ಅದನ್ನು ಮರೆಯುವಷ್ಟು ಕೃತಘ್ನಳಲ್ಲ ನಾನು. ಹಳದಿಯಲ್ಲಿ "ಬೇಡ" ಎಂಬುದರ ಮುಂದೆ ಪೆನ್ನು ಒತ್ತಿದೆ. ಕಾಗದ ತೂತಾಯಿತು.

ನೇರ ಹೋಗಿ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಎಲ್ಲರೂ ನೋಡಿದರು, ನೋಡಲಿ ಎಂದುಕೊಂಡೆ.

ನಮ್ಮವರು ಮತ್ತೆ ವ್ಯಾನು ತೆಗೆದುಕೊಂಡು ಹೋದರು; ಅಲ್ಲೇ ಖೈತಾನಿನ ಮನೆಗಳಿಂದ ಒಂದು ಗಾಡಿ ಹೆಂಗಸರು ಬಂದರು. ಇನ್ನೊಮ್ಮೆ ಹೋದವರು ಒಂದು ಗಂಟೆಗೆ ಐದು ನಿಮಿಷವಿದೆ ಎನ್ನುವಾಗ ಬಾಗಿಲಲ್ಲಿ ಕಾಣಿಸಿದರು. ಹಿಂದೆ ಹನ್ನೊಂದು ಮಂದಿ ನರ್ಸುಗಳು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರನ್ನು ಎಬ್ಬಿಸಿ ತಂದದ್ದೆಂದು ನೋಡಿದರೇ ತಿಳಿಯುತ್ತಿತ್ತು. ಒಬ್ಬಳು ನೈಟಿಯ ಮೇಲೆ ಶಾಲು ಹೊದ್ದಿದ್ದಳು. ಇವರ ಗಂಡಂದಿರು ಊರಿನಲ್ಲಿ, ಕೆಲವರಿಗೆ ಮದುವೆಯೇ ಆಗಿಲ್ಲ. ಹಾಗಾಗಿ ಕಾರ್ಡು ಅವರವರ ಪರ್ಸಿನಲ್ಲೇ ಇತ್ತು, ಯಾವ ಕಟ್ಟಿಗೂ ಸೇರಿರಲಿಲ್ಲ. ಇಷ್ಟು ವರ್ಷ ಯಾವ ಪ್ಯಾನಲ್ಲೂ ಇವರನ್ನು ಓಟಿಗೆ ಕರೆದದ್ದೇ ಇಲ್ಲ. ಗಾಡಿ ತುಂಬಿ ಬಂದದ್ದು ಕಂಡು ಅಧ್ಯಕ್ಷರು ನಮ್ಮವರ ಬೆನ್ನು ತಟ್ಟಿದರು.

ಎಣಿಕೆಯಾಯಿತು. ಸಮಿತಿಯ ಸ್ಥಾನಗಳೆಲ್ಲ ಬಡಗಿಗೆ. ಚಪ್ಪಾಳೆ ಬಿತ್ತು. ಆಮೇಲೆ ಹಳದಿ ಚೀಟಿ. ಅಧಿಕಾರಿ ಎರಡು ಸಲ ಎಣಿಸಿ ಕನ್ನಡಕ ತೆಗೆದು, "ಠರಾವು ಬಿದ್ದುಹೋಯ್ತು. ಏಳು ಓಟಿನಿಂದ" ಎಂದರು. ಗೆದ್ದ ಅಧ್ಯಕ್ಷರು ತಮ್ಮವರ ಮುಖಗಳನ್ನೇ ಒಂದೊಂದಾಗಿ ನೋಡಿದರು. ಯಾರ ಮುಖದಲ್ಲೂ ಏನೂ ಬರೆದಿರಲಿಲ್ಲ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ನನಗೆ ಹಾಗೆಯೇ ಆಯಿತು. ಎದೆಯ ಮೇಲಿನ ಕಲ್ಲು ಇಳಿದು, ಆ ಕುರ್ಚಿಯಲ್ಲೇ ನಿದ್ದೆ ಬರುವಷ್ಟು ಹಗುರಾದೆ. ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು, "ನಡಿ, ನನಗೆ ಎರಡು ಗಂಟೆಗೆ ಡ್ಯೂಟಿ ಉಂಟು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ನರ್ಸುಗಳನ್ನೂ ಅಕ್ಕನನ್ನೂ ಬೇರೆಯವರ ಗಾಡಿಗೆ ಹತ್ತಿಸಿ ನಾವು ಮನೆಯತ್ತ ಹೊರಟೆವು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ವಾರದ ಮೇಲೆ ನಾನೇ ಮಾತು ತೆಗೆದೆ.

"ನರ್ಸುಗಳ ಕ್ವಾರ್ಟರ್ಸ್ ಅಧ್ಯಕ್ಷರ ಪಟ್ಟಿಯಲ್ಲಿ ಇತ್ತಾ?"

"ಇರ್ಲಿಲ್ಲ."

"ಮತ್ತೆ?"

"ಹೆಂಗಸರನ್ನು ಕರ್ಕೊಂಡು ಬನ್ನಿ ಅಂದ್ರು. ಕರ್ಕೊಂಡು ಬಂದೆ." ಸಿಗ್ನಲಿನಲ್ಲಿ ಗಾಡಿ ನಿಲ್ಲಿಸಿದರು. "ಕೈ ಎತ್ತುವ ಓಟಾಗಿದ್ರೆ ನಾನು ಅವರ ಜೊತೆಗೇ ಎತ್ತುತ್ತಿದ್ದೆ. ಸುಳ್ಳು ಹೇಳುದಿಲ್ಲ. ಅವರ ಮುಖ ನೋಡಿ ಬೇಡ ಅನ್ಲಿಕ್ಕೆ ನನ್ನಿಂದ ಆಗ್ತಿರ್ಲಿಲ್ಲ. ಗಾಡಿ ಬಿಡ್ಲಿಕ್ಕೆ ಆಯ್ತು, ಅಷ್ಟೇ."

ನನಗೆ ಅಷ್ಟು ಸಾಕಾಗಿತ್ತು. ಕಾರ್ಡನ್ನು ನನ್ನ ಪರ್ಸಿಗೆ ಹಾಕಿಕೊಂಡೆ. ಅವರು ಅದನ್ನು ನೋಡಿ ಗಾಡಿ ಮುಂದಕ್ಕೆ ಬಿಟ್ಟರು.

ಮನೆಗೆ ಬಂದು ಸುಕ್ಕ ಮುಗಿಸುವಾಗ ಮೂರು ಗಂಟೆ. ಮೂವರೂ ಹಸಿದವರ ಹಾಗೆ ಉಂಡೆವು. ಕೈ ತೊಳೆದು ಬಂದ ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಅಕ್ಕನಿಗೆ ಒಂದು ಡಬ್ಬಿ ತೆಗೆದಿಡು" ಎಂದರು. "ಡ್ಯೂಟಿಯಿಂದ ಬಂದ ಮೇಲೆ ನಾನೇ ಕೆಳಗೆ ಹೋಗಿ ಕೊಟ್ಟು ಬರ್ತೇನೆ."